ಕತ್ತಿ ಹಿಡಿಯುವ ಕೈ

ಪರಿಹಾರದ ಕಚೇರಿಗೆ ಸೇರಿದವರು ಮೊದಲು ಕಲಿಯುವುದು ಒಂದು ಪಟ್ಟಿಯನ್ನು. ಕೆಲಸದ ಹೊತ್ತಿನಲ್ಲಿ ಅಪಘಾತವಾಗಿ ಆಳು ಕೈಯನ್ನೋ ಕಾಲನ್ನೋ ಬೆರಳನ್ನೋ ಕಳೆದುಕೊಂಡರೆ ಮಾಲೀಕ ಎಷ್ಟು ಕೊಡಬೇಕು ಎಂದು ಹೇಳುವ ಪಟ್ಟಿ ಅದು. ನಾನು ಸೇರಿದಾಗ ಅದನ್ನು ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದ್ದರು. ವಾರದೊಳಗೆ ನನಗದು ಬಾಯಿಪಾಠವಾಯಿತು. ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಹೆಬ್ಬೆರಳಿನಿಂದ ತೊಡೆಯವರೆಗೆ ತಡೆಯಿಲ್ಲದೆ ಹೇಳುತ್ತಿದ್ದೆ, ಕೇಳಿದವರು ಭೇಷ್ ಎನ್ನುತ್ತಿದ್ದರು. ಪಟ್ಟಿ ಕಲಿತರೆ ಕೆಲಸ ಕಲಿತಂತೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಈ ಕೆಲಸಕ್ಕೆ ಬರುವವರಿಗೂ ಅದೇ ನಂಬಿಕೆ ಇರುವುದನ್ನು ಕಾಣುತ್ತೇನೆ, ಅದಕ್ಕೇ ಇದನ್ನು ಬರೆಯಲು ಕೂತೆ.

ನಾನು ವಯನಾಡಿನವನು. ಎಷ್ಟೋ ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡ ಜೈನರು ನಮ್ಮ ಹಿರಿಯರು, ಇಲ್ಲಿಯವರು ನಮ್ಮನ್ನು ಗೌಡರೆನ್ನುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಹೊಟ್ಟೆಪಾಡಿಗೆಂದು ಒಂದಿಷ್ಟು ಇಂಗ್ಲಿಷ್. ಕಾಡಿನ ಜನರ ಮಾತು ನಮ್ಮ ಕನ್ನಡಕ್ಕೆ ಹತ್ತಿರವಾದ್ದರಿಂದ ಅದೂ ತಿಳಿಯುತ್ತಿತ್ತು. ಇಂಗ್ಲಿಷರ ಕಾಫಿ, ಟೀ ತೋಟಗಳಲ್ಲಿ ಇಷ್ಟೂ ಭಾಷೆಯ ಆಳುಗಳಿದ್ದರು, ಹಾಗಾಗಿ ನನಗೆ ದುಭಾಷಿ ಗುಮಾಸ್ತನ ಕೆಲಸ ಸಿಕ್ಕಿತು. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ, ಅದೂ ಕೂದಲು ನೆರೆತ ಮೇಲೆ.

ಮೊದಮೊದಲು ನಮ್ಮದು ಬರೀ ಕಾಗದದ ಕೆಲಸ. ತೋಟದಿಂದ ಒಪ್ಪಂದದ ಪತ್ರ ಬರುತ್ತಿತ್ತು, ಅದರ ಜೊತೆಗೆ ಆಸ್ಪತ್ರೆಯ ಚೀಟಿ ಇರುತ್ತಿತ್ತು, ನಾವು ಪಟ್ಟಿಗೆ ತಾಳೆ ನೋಡಿ ದಾಖಲು ಮಾಡುತ್ತಿದ್ದೆವು. ಆಮೇಲೆ ಮದ್ರಾಸಿನ ಕಡೆಯ ಒಬ್ಬರು ಅಧಿಕಾರಿಯಾಗಿ ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ, ನಗುವುದು ಅಪರೂಪ. ಅಂಗ ಹೋದವರನ್ನು ಕಣ್ಣಾರೆ ಕಾಣದೆ ತಾನು ರುಜು ಹಾಕುವುದಿಲ್ಲ ಎಂದು ಬಂದ ದಿನವೇ ಹೇಳಿದರು. ಅಂದಿನಿಂದ ನಮಗೆ ತಿರುಗಾಟ ಶುರುವಾಯಿತು. ಮಾನಂದವಾಡಿಯ ಪ್ರವಾಸಿ ಬಂಗಲೆಯಲ್ಲಿ ನಮ್ಮ ಬಿಡಾರ, ಜಗಲಿಯಲ್ಲಿ ಮೇಜು. ಸಾಹೇಬರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಆಳುಗಳ ಭಾಷೆಗೆ ತಿರುಗಿಸುತ್ತಿದ್ದೆ.

ಮೊದಲ ತಿರುಗಾಟದಲ್ಲೇ ನಾನು ಎಡವಿದೆ. ಕಾಲ್ಬೆರಳು ಹೋದ ಒಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ‘ಬಲಗಾಲು’ ಎಂದು ಬರೆದುಕೊಂಡೆ. ನನ್ನ ಬಲಕ್ಕಿದ್ದದ್ದು ಅವನ ಎಡಗಾಲು. ಸಾಹೇಬರು ಕಾಗದ ನೋಡಿದರು, ಕಾಲು ನೋಡಿದರು, ನನ್ನ ಭುಜ ಹಿಡಿದು ಆ ಮನುಷ್ಯನ ಬೆನ್ನ ಹಿಂದೆ ನಿಲ್ಲಿಸಿದರು. “ಇನ್ನು ಮುಂದೆ ಇಲ್ಲಿ ನಿಂತು ಬರೆಯಿರಿ,” ಎಂದರು. ಕೊನೆಯವರೆಗೂ ಹಾಗೇ ಬರೆದೆ. ನಿಮಗೂ ಅದನ್ನೇ ಹೇಳುತ್ತೇನೆ, ನಗುವವರು ನಗಲಿ.

ಇನ್ನೊಂದು ಸಲ ಟೀ ಕಾರ್ಖಾನೆಯ ಹೆಂಗಸೊಬ್ಬಳು ಬಂದಳು. ಎಲೆ ಹೊಸೆಯುವ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋಗಿವೆ ಎಂದು ಆಸ್ಪತ್ರೆಯ ಚೀಟಿ ಹೇಳುತ್ತಿತ್ತು. ಆಕೆ ಸೆರಗಿನೊಳಗೆ ಕೈ ಮುಚ್ಚಿಕೊಂಡು, ತನಗೇನೂ ಆಗಿಲ್ಲ ಎಂದಳು. ಪರಿಹಾರ ಈಸಿಕೊಂಡವರಿಗೆ ಮತ್ತೆ ಕೆಲಸ ಕೊಡುವುದಿಲ್ಲ ಎಂದು ಮೇಸ್ತ್ರಿ ಹೆದರಿಸಿದ್ದನಂತೆ. ನಾನು ಗದರಿಸಿ ನೋಡಿದೆ, ಪುಸಲಾಯಿಸಿ ನೋಡಿದೆ, ಆಕೆ ಜಗ್ಗಲಿಲ್ಲ. ಸಾಹೇಬರು ಮುಂದಿನ ತಿರುಗಾಟದ ದಿನ ಬರೆದು ಕಳಿಸಿದರು. ಅದರ ಮುಂದಿನ ಸಲವೂ ಹಾಗೇ. ನಾಲ್ಕನೆಯ ಸಲ ಆಕೆ ತಾನಾಗಿಯೇ ಕೈಯನ್ನು ಮೇಜಿನ ಮೇಲಿಟ್ಟಳು. ಸರ್ಕಾರ ಮತ್ತೆ ಮತ್ತೆ ಬರುತ್ತದೆ ಎಂದು ಗೊತ್ತಾಗುವವರೆಗೆ ಜನ ಬಾಯಿ ಬಿಡುವುದಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಆಗಿನ ಪಟ್ಟಿಯಲ್ಲಿ ಬಲತೋಳಿಗೊಂದು ಸಾಲು, ಎಡತೋಳಿಗೊಂದು ಸಾಲು ಇದ್ದವು, ಎಡಕ್ಕೆ ಕಡಿಮೆ. ದುಡಿಯುವುದು ಬಲಗೈ ಎಂಬ ಲೆಕ್ಕ ಇರಬೇಕು. ಎಡಚರ ಬಗ್ಗೆ ಕಾಯಿದೆಯಲ್ಲಿ ಒಂದಕ್ಷರವೂ ಇರಲಿಲ್ಲ. ನಮ್ಮ ಸಾಹೇಬರಿಗೆ ಅದು ಸರಿಬರಲಿಲ್ಲ. ಆಳು ಎಡಚನೆಂದು ಗೊತ್ತಾದರೆ ಮಾಲೀಕರನ್ನು ಕರೆಸಿ, ಬಲಗೈಯ ಸಾಲಿನಂತೆ ಕೊಡಲು ಒಪ್ಪಿಸಿ ದಾಖಲು ಮಾಡಬೇಕೆಂಬುದು ಅವರ ಮನಸ್ಸು. ಅದಕ್ಕೆ ಪ್ರತಿಯೊಬ್ಬರಲ್ಲೂ ‘ಮುಖ್ಯವಾದ ಕೈ ಯಾವುದು’ ಎಂದು ಕೇಳಲು ನನಗೆ ಹೇಳಿದರು. ಮುಖ್ಯವಾದ ಕೈ ಎಂದರೆ ಜನ ಮಿಕಮಿಕ ನೋಡುತ್ತಿದ್ದರು, ಎರಡೂ ಮುಖ್ಯವೇ ತಾನೇ. ನಾನು ಜಾಣತನ ಮಾಡಿದೆ. ‘ಊಟ ಮಾಡೋದು ಯಾವ ಕೈಯಲ್ಲಿ?’ ಎಂದು ಕೇಳತೊಡಗಿದೆ. ಎಂಥ ದಡ್ಡನೂ ತಕ್ಷಣ ಉತ್ತರ ಕೊಡುತ್ತಿದ್ದ. ಸಾಹೇಬರಿಗೂ ಕೆಲಸ ಬೇಗ ಮುಗಿದು ಸಂತೋಷ. ವರ್ಷಗಟ್ಟಲೆ ಹಾಗೇ ನಡೆಯಿತು, ಒಬ್ಬ ಎಡಚನೂ ಸಿಗಲಿಲ್ಲ. “ನಿಮ್ಮ ಬೆಟ್ಟದಲ್ಲಿ ಎಡಚರೇ ಹುಟ್ಟುವುದಿಲ್ಲವೋ ಏನೋ,” ಎಂದು ಸಾಹೇಬರು ಒಮ್ಮೆ ಅಂದರು. ನಾನು ಅದೇನೋ ನಮ್ಮ ಊರಿಗೆ ಸಿಕ್ಕ ಬಿರುದೆಂಬಂತೆ ಹಲ್ಲು ಕಿರಿದೆ.

ಓದುವವರಿಗೆ ನನ್ನ ತಪ್ಪು ಆಗಲೇ ತಿಳಿದಿರಬೇಕು. ನನಗೆ ತಿಳಿದದ್ದು ಕಮ್ಮಾರನ ಅಂಗಡಿಯಲ್ಲಿ.

ಆ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಬೊಮ್ಮ ಎಂಬ ಕಾಡಿನವನ ಒಪ್ಪಂದದ ಪತ್ರ ಬಂದಿತ್ತು. ಚೇಕಾಡಿಯ ಆಚೆ ಕಾಡಂಚಿನ ಹಾಡಿಯವನು. ಒಂದು ಕಾಫಿ ತೋಟದಲ್ಲಿ ನೆರಳುಮರ ಹತ್ತಿ ಕೊಂಬೆ ಸವರುವುದು ಅವನ ಕೆಲಸ. ಕುಯ್ಲಿನ ಕಾಲಕ್ಕೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹಾಕಿದ್ದರು. ಓಡುತ್ತಿದ್ದ ಬೆಲ್ಟು ಎಡಗೈಯನ್ನು ಎಳೆದುಕೊಂಡಿತು, ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಕತ್ತರಿಸಿದರು. ತೋಟದ ದೊರೆ ಎಡಗೈಯ ಸಾಲಿನಂತೆ ಒಪ್ಪಂದ ಬರೆಸಿ ಕಳಿಸಿದ್ದರು. ಬೊಮ್ಮ ನಮ್ಮ ಮುಂದೆ ಬಂದ, ನಾನು ಬೆನ್ನ ಹಿಂದೆ ನಿಂತು ಬರೆದೆ, ಊಟದ ಕೈ ಕೇಳಿದೆ, ಬಲಗೈ ಎಂದ. ಆಸ್ಪತ್ರೆಯ ಇನ್ನೊಂದು ಚೀಟಿ ಬರಬೇಕಿದ್ದರಿಂದ ದಾಖಲು ಮಾಡುವುದು ಮುಂದಿನ ತಿರುಗಾಟಕ್ಕೆ ಹೋಯಿತು. ಇದೊಂದು ನಮ್ಮ ಪುಣ್ಯ.

ಆ ನಡುವೆ ರಜೆಗೆ ಊರಿಗೆ ಬಂದಿದ್ದಾಗ ಮನೆಯ ಈಳಿಗೆ ಮಣೆಗೆ ಸಾಣೆ ಹಿಡಿಸಲು ಮಾನಂದವಾಡಿಯ ಕಮ್ಮಾರನ ಬಳಿ ಹೋಗಿದ್ದೆ. ಅವನು ಸಾಣೆ ಹಿಡಿಯುತ್ತಾ ಬೊಮ್ಮನ ಸುದ್ದಿ ತೆಗೆದ.

“ಪಾಪ, ಆ ಚೇಕಾಡಿ ಬೊಮ್ಮನ ಕೈ ಹೋಯ್ತಂತಲ್ಲ ಗೌಡ್ರೇ. ಅವನಿಗೊಬ್ಬನಿಗೇ ನಾನು ಉಲ್ಟಾ ಕತ್ತಿ ಮಾಡ್ಕೊಟ್ಟದ್ದು.”

“ಉಲ್ಟಾ ಅಂದ್ರೆ?”

“ಮರ ಸವರೋ ಕತ್ತಿಗೆ ಸಾಣೆ ಒಂದೇ ಮಗ್ಗುಲಿಗೆ ಅಲ್ವಾ. ಎಡಗೈಯೋರು ಹಿಡಿದ್ರೆ ಅದು ಕಚ್ಚಲ್ಲ, ಜಾರ್ತದೆ. ಅವನಿಗೆ ಆ ಕಡೆ ಮಗ್ಗುಲಿಗೆ ಹಾಕ್ಕೊಟ್ಟೆ. ನನ್ನ ಆಯುಸ್ಸಲ್ಲಿ ಅದೊಂದೇ.”

ಆಗ ನನ್ನ ತಂಗಿ ನೆನಪಾದಳು. ನಮ್ಮ ಮನೆಯಲ್ಲೇ ಅವಳು ಎಡಚಿ. ರಂಗೋಲಿ ಬಿಡುವುದು, ತರಕಾರಿ ಹೆಚ್ಚುವುದು, ನನಗೆ ಗುದ್ದುವುದು ಎಲ್ಲ ಎಡಗೈಯಲ್ಲಿ, ಉಣ್ಣುವುದು ಮಾತ್ರ ಬಲಗೈಯಲ್ಲಿ. ಚಿಕ್ಕವಳಿದ್ದಾಗ ಎಡಗೈ ತಟ್ಟೆಗೆ ಹೋದರೆ ಅಮ್ಮ ಬೆರಳ ಗಂಟಿನ ಮೇಲೆ ಸೌಟಿನಿಂದ ಬಾರಿಸುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಈ ದೇಶದಲ್ಲಿ ಯಾವ ಕೈಯಲ್ಲಿ ಉಣ್ಣುತ್ತೀಯ ಎಂದು ಕೇಳಿದರೆ ಬಲಗೈ ಎನ್ನದೆ ಇನ್ನೇನು ಹೇಳಿಯಾರು?

ಮರುದಿನ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಕೆಲಸ ಹೋದರೂ ಹೋಗಲಿ ಎನ್ನುವಷ್ಟು ನಾಚಿಕೆಯಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

“ಈ ಪ್ರಶ್ನೆಯನ್ನು ಇದುವರೆಗೆ ಎಷ್ಟು ಜನಕ್ಕೆ ಕೇಳಿದ್ದೀರಿ?”

“ಎಲ್ಲರಿಗೂ, ಸರ್.”

ದಾಖಲಾಗಿ ಮುಗಿದ ಹಳೆಯ ಕಡತಗಳನ್ನು ಮತ್ತೆ ತೆರೆಯಲು ದಾರಿಯಿರಲಿಲ್ಲ. ಬೊಮ್ಮನದು ಮಾತ್ರ ಇನ್ನೂ ಕೈಯಲ್ಲಿತ್ತು. “ಸಾಕ್ಷಿ ತನ್ನಿ,” ಎಂದರು. “ಬರೀ ಮಾತು ತೋಟದವರಿಗೆ ಸಾಲದು. ಆ ಕತ್ತಿ ತನ್ನಿ.”

ಗಾಡಿಯಲ್ಲಿ ಸ್ವಲ್ಪ ದೂರ, ಹೊಳೆ ದಾಟಿ ಉಳಿದದ್ದು ಕಾಲ್ನಡಿಗೆಯಲ್ಲಿ, ಹಾಡಿ ಸೇರುವಾಗ ಮಧ್ಯಾಹ್ನ. ಬೊಮ್ಮ ಗುಡಿಸಲ ಮುಂದೆ ಬಿದಿರು ಸೀಳಲು ಒದ್ದಾಡುತ್ತಿದ್ದ. ಬಿದಿರನ್ನು ಎಡತೋಳಿನ ಮೊಂಡಿನಿಂದ ಎದೆಗೆ ಅವುಚಿಕೊಂಡು ಬಲಗೈಯಲ್ಲಿ ಕತ್ತಿ ಆಡಿಸಿದರೆ ಅದು ಎಲ್ಲೆಲ್ಲಿಗೋ ಹೋಗುತ್ತಿತ್ತು. ನೋಡಿದವರಿಗೆ ಬೇರೆ ಸಾಕ್ಷಿಯೇ ಬೇಡ. ಆದರೆ ಕಡತಕ್ಕೆ ಕಣ್ಣಿಲ್ಲವಲ್ಲ.

“ಬೊಮ್ಮ, ನೀನು ಎಡಚನಾ?”

“ಹೂಂ ಗೌಡ್ರೆ.”

“ಮತ್ತೆ ಅವತ್ತು ಬಲಗೈ ಅಂದೆಯಲ್ಲ?”

“ನೀವು ಉಣ್ಣೋದ ಕೇಳಿದ್ರಿ. ಉಣ್ಣೋದು ಬಲಗೈಲೇ. ಎಡಗೈಲಿ ಉಂಡ್ರೆ ನಮ್ಮವ್ವ ಬುಟ್ಟಾಳಾ? ಪಣಿ ಯಾವ ಕೈಲಿ ಅಂತ ನೀವು ಕೇಳ್ನಿಲ್ಲ.”

ಅವನ ಮಾತಿನಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿದ್ದ, ಅಷ್ಟೆ. ಪಣಿ ಎಂದರೆ ಅವರಲ್ಲಿ ಕೆಲಸ. ನಾನು ಕಮ್ಮಾರ ಮಾಡಿಕೊಟ್ಟ ಕತ್ತಿ ಕೇಳಿದೆ. ಕೈಲಿರುವುದು ಪಕ್ಕದ ಮನೆಯದು ಎಂದ.

“ನಿನ್ನದೆಲ್ಲಿ?”

“ಅದು ಕೈ ಜತೆ ಹೋಯ್ತು.”

ಅವನ ಹೆಂಡತಿ ಕೆಂಪಿ ಒಳಗಿಂದ ಬಂದು ನನ್ನನ್ನು ಕರೆದುಕೊಂಡು ಹೋದಳು. ಹಾಡಿಯಾಚೆ ಅವರು ಸತ್ತವರನ್ನು ಹೂಳುವ ಜಾಗದಲ್ಲಿ ಒಂದು ಮರದ ಬುಡಕ್ಕೆ ಮೊಳದುದ್ದದ ಮಣ್ಣಿನ ದಿಬ್ಬ, ಮೇಲೊಂದು ಕಲ್ಲು. ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕೈಯನ್ನು ಆಕೆ ನಡೆದುಕೊಂಡೇ ಊರಿಗೆ ತಂದು, ಮರುದಿನ ಬೆಳಿಗ್ಗೆ ಹಿರಿಯರನ್ನು ಕರೆದು ಅಲ್ಲಿ ಹೂಳಿಸಿದ್ದಳು. ಸತ್ತವರ ಜೊತೆಗೆ ಅವರು ಬಳಸಿದ ಸಾಮಾನನ್ನು ಇಡುವುದು ಅವರ ಪದ್ಧತಿ. ಕೈ ಸತ್ತಿತು, ಕೈಯ ಸಾಮಾನು ಕತ್ತಿ, ಅದನ್ನೂ ಇಟ್ಟಿದ್ದರು. ನಾನು ಆ ದಿಬ್ಬದ ಮುಂದೆ ಚಪ್ಪಲಿ ಬಿಟ್ಟು ನಿಂತೆ, ಯಾಕೆಂದು ಗೊತ್ತಿಲ್ಲ.

ಮುಂದಿನ ತಿರುಗಾಟಕ್ಕೆ ಬೊಮ್ಮ, ಕೆಂಪಿ ಇಬ್ಬರೂ ಬಂದರು. ತೋಟದ ದೊರೆಯೂ ಬಂದಿದ್ದರು. ವಯಸ್ಸಾದ ಇಂಗ್ಲಿಷರು, ಕೆಟ್ಟವರೇನಲ್ಲ, ಕಂಪನಿಗೆ ಉತ್ತರ ಹೇಳಬೇಕಾದವರು. ಅವರ ವಾದ ನೇರವಾಗಿತ್ತು.

“ಆಳು ತನ್ನ ಬಾಯಿಂದಲೇ ಬಲಗೈ ಎಂದಿದ್ದಾನೆ, ನಿಮ್ಮ ಗುಮಾಸ್ತರೇ ಬರೆದುಕೊಂಡಿದ್ದಾರೆ. ಕಮ್ಮಾರ ಕತ್ತಿ ಮಾಡಿರಬಹುದು, ಯಾರು ಬಳಸಿದರೋ ಅವನಿಗೇನು ಗೊತ್ತು? ಕೈ ಇಲ್ಲ, ಕತ್ತಿಯೂ ಇಲ್ಲ. ನಾನು ಕಂಪನಿಗೆ ಏನೆಂದು ಬರೆಯಲಿ?”

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಅಂಗೈಯೇ ಹೋದವನು ಏನನ್ನು ತೋರಿಸಬೇಕು? ಸಾಹೇಬರು ನನ್ನ ಕಡೆ ನೋಡಿದರು. ನಾನು ಕತ್ತಿ ಎಲ್ಲಿದೆಯೆಂದು ಹೇಳಿದೆ. ಹಾಗಾದರೆ ಅಗೆದು ತರಲಿ, ಬೇಕಾದರೆ ನಾನೇ ಇಬ್ಬರು ಆಳು ಕಳಿಸುತ್ತೇನೆ ಎಂದರು ದೊರೆ. ಸಾಹೇಬರು ಅದನ್ನು ಬೊಮ್ಮನಿಗೆ ತಿಳಿಸಲು ಹೇಳಿದರು.

ತಿಳಿಸಿದೆ. ಬೊಮ್ಮ ತಲೆಯಾಡಿಸಿದ.

“ಅದ ಅಗಿಯಕಾಗಲ್ಲ ಗೌಡ್ರೆ.”

ಕತ್ತಿ ಬಾರದಿದ್ದರೆ ಪತ್ರ ಇದ್ದ ಹಾಗೇ ದಾಖಲಾಗುತ್ತದೆ ಎಂದು ಹೇಳಲು ಸಾಹೇಬರು ಹೇಳಿದರು. ನಾನು ಅಷ್ಟೇ ಹೇಳಬೇಕಿತ್ತು. ದುಭಾಷಿಯಾದವನು ತನ್ನದೊಂದು ಮಾತನ್ನೂ ಸೇರಿಸಬಾರದು, ಅದು ಈ ಕೆಲಸದ ಮೊದಲ ನಿಯಮ. ಆವತ್ತು ನಾನದನ್ನು ಮುರಿದೆ. ತಪ್ಪು ನನ್ನದು, ನಿನ್ನದಲ್ಲ, ಕತ್ತಿ ತೋರಿಸಿ ಹಾಗೇ ಮತ್ತೆ ಹೂಳಿಬಿಡೋಣ, ಬೇಕಾದರೆ ನಾನೇ ಬಂದು ಮಣ್ಣು ಮುಚ್ಚುತ್ತೇನೆ ಎಂದೆಲ್ಲ ಅಂಗಲಾಚಿದೆ. ಎರಡು ಸಾಲುಗಳ ನಡುವಿನ ಅಂತರ ಆ ಮನೆಗೆ ಎರಡು ಮಳೆಗಾಲದ ಅಕ್ಕಿ. ಮರ ಹತ್ತುವ ಕೆಲಸ ಅವನಿಗೆ ಇನ್ನಿರಲಿಲ್ಲ, ಮಳೆಗಾಲದಲ್ಲಿ ಒಂಟಿ ಕೈಯವನಿಗೆ ತೋಟದಲ್ಲಿ ಬೇರೆ ಕೆಲಸವೂ ಇರಲಿಲ್ಲ. ಇದೂ ಅವನಿಗೆ ಗೊತ್ತಿತ್ತು.

“ಕೊಟ್ಟದ್ದ ಈಸ್ಕಳ್ಳಕಾಯ್ತದಾ?” ಎಂದ ಬೊಮ್ಮ. “ಅಲ್ಲಿ ಆ ಕೈ ಏನ ಹಿಡ್ಕಂಡು ಪಣಿ ಮಾಡದು? ಬ್ಯಾಡ ಗೌಡ್ರೆ. ಕಾಗ್ದ ಎಂಗದೋ ಅಂಗೇ ಇರ್ಲಿ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರು ನಿಟ್ಟುಸಿರುಬಿಟ್ಟು ಮುದ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ದೊರೆ ಟೋಪಿ ಕೈಗೆ ತೆಗೆದುಕೊಂಡರು. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ ಕೆಂಪಿ ಮುಂದೆ ಬಂದಳು.

“ಸಾಮಿ, ಒಂದು ಕೇಳ್ತೀನಿ. ಬದ್ಕಿರೋರ ಸಾಮಾನ ಯಾರಾರ ಹೂಳ್ತಾರಾ?”

ಆಕೆ ಬೊಮ್ಮನ ಬಲತೋಳನ್ನು ಮುಟ್ಟಿದಳು.

“ಕತ್ತಿ ಈ ಕೈದಾಗಿದ್ರೆ ಮನೇಲೇ ಇರ್ತಿತ್ತು. ಇವತ್ತು ಇವ ಅದ ಹಿಡ್ಕಂಡೇ ಬರ್ತಿದ್ದ. ಅದು ಸತ್ತೋದ ಕೈದು. ಅದ್ಕೇ ಅದ್ರ ಜತೆ ಮಡಗ್ದೊ.”

ಈ ಸಲ ನಾನು ಒಂದು ಮಾತನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಸಾಹೇಬರು ಮುದ್ರೆಯನ್ನು ಪಕ್ಕಕ್ಕಿಟ್ಟು ಆಸ್ಪತ್ರೆಯ ಚೀಟಿ ತೆಗೆದರು. ಕೈಯನ್ನು ಹೆಂಡತಿಗೆ ಕೊಟ್ಟ ದಿನ ಅದರಲ್ಲಿತ್ತು. ಹೂಳಿದ್ದು ಅದರ ಮರುದಿನ. ಆಗ ಪರಿಹಾರ ಎಂಬ ಮಾತು ಆ ಹಾಡಿಗೆ ತಲುಪಿಯೇ ಇರಲಿಲ್ಲ, ದುಡ್ಡಿನಾಸೆಗೆ ಕಟ್ಟಿದ ಕಥೆಯಲ್ಲ ಇದು. ಚೀಟಿಯನ್ನು ದೊರೆಯ ಮುಂದಕ್ಕೆ ಸರಿಸಿದರು.

ದೊರೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಅವರ ಮನೆಯಲ್ಲಿ ಬೇರೆ ಕತ್ತಿ ಇತ್ತೇ ಎಂದು ಕೇಳಿ,” ಎಂದರು.

ಕೇಳಿದೆ.

“ಒಂದೇ ಇದ್ದುದು,” ಎಂದಳು ಕೆಂಪಿ. “ಈಗ ಸೌದೆಗೂ ಪಕ್ಕದ ಮನೇದ ಈಸ್ಕತೀನಿ.”

ದೊರೆ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟು ನನ್ನ ಲೇಖನಿ ಬೇಡಿದರು. ಒಪ್ಪಂದದ ಸಾಲನ್ನು ತಾವೇ ಹೊಡೆದುಹಾಕಿ, ಮೇಲೆ ಬಲಗೈಯ ಸಾಲನ್ನು ಬರೆದು, ಪಕ್ಕದಲ್ಲಿ ರುಜು ಹಾಕಿದರು. ಕಂಪನಿಗೆ ಏನೆಂದು ಬರೆದರೋ ನನಗೆ ತಿಳಿಯದು.

ಇನ್ನು ಹೆಬ್ಬೆಟ್ಟಿನ ಗುರುತು ಉಳಿದಿತ್ತು. ಗಂಡಸರಿಂದ ಎಡ ಹೆಬ್ಬೆಟ್ಟು ಒತ್ತಿಸುವುದು ಕಚೇರಿಯ ವಾಡಿಕೆ. ಶಾಯಿ ತೆಗೆದು, ತಲೆ ಎತ್ತದೆ, “ಎಡಗೈ ಕೊಡು ಬೊಮ್ಮ,” ಎಂದುಬಿಟ್ಟೆ. ಇಷ್ಟೆಲ್ಲ ಆದ ಮೇಲೆ ಹಾಗೆಂದವನು ನಾನು. ಬೊಮ್ಮ ಬಲಗೈ ಚಾಚಿದ. ನಾನು ಅವಸರದಲ್ಲಿ ಒತ್ತಿಸಿ ಗುರುತು ಸ್ವಲ್ಪ ಕಲಸಿಹೋಯಿತು.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ಮರ ಸವರುವವನಿಗೆ ‘ಕತ್ತಿ ಯಾವ ಕೈಯಲ್ಲಿ’ ಎಂದು, ಎಲೆ ಕುಯ್ಯುವವಳಿಗೆ ‘ಮೊದಲು ಯಾವ ಕೈ ಗಿಡಕ್ಕೆ ಹೋಗುತ್ತೆ’ ಎಂದು ಕೇಳುತ್ತಿದ್ದೆ. ಹೊಸ ಪ್ರಶ್ನೆ ಶುರುವಾದ ಮೊದಲ ವರ್ಷದಲ್ಲೇ ಎಡಚರು ಸಿಕ್ಕತೊಡಗಿದರು. ಪ್ರತಿ ಸಲ ಒಬ್ಬರು ಸಿಕ್ಕಾಗಲೂ ಅದಕ್ಕೆ ಮೊದಲಿನ ಕಡತಗಳು ನೆನಪಿಗೆ ಬರುತ್ತಿದ್ದವು. ಅವುಗಳಲ್ಲಿ ಎಷ್ಟು ಜನ ಇದ್ದರೋ, ನನಗೆ ಗೊತ್ತಾಗುವ ಬಗೆಯಿಲ್ಲ. ಈ ನೋವು ನಿವೃತ್ತಿಯ ಜೊತೆಗೆ ಹೋಗಲಿಲ್ಲ.

ಸಾಹೇಬರು ವರ್ಗವಾಗಿ ಹೋದ ಮೇಲೆ ಒಂದು ದಿನ ಮಾನಂದವಾಡಿಯ ಅದೇ ಕಮ್ಮಾರನ ಅಂಗಡಿಯ ಮುಂದೆ ಬೊಮ್ಮ ಸಿಕ್ಕಿದ. ಕೆಂಪಿ ಪಕ್ಕದಲ್ಲಿ ಅಕ್ಕಿಯ ಚೀಲ ಇಟ್ಟುಕೊಂಡು ಕೂತಿದ್ದಳು. ಅವನ ಬಲಗೈಯಲ್ಲಿ ಹೊಸ ಕತ್ತಿ, ಎಲ್ಲರ ಕತ್ತಿಯ ಹಾಗೆ ಸಾಣೆ ಹಿಡಿದದ್ದು. ಅದನ್ನು ಗಾಳಿಯಲ್ಲಿ ಮೆಲ್ಲಗೆ ಬೀಸಿ ಬೀಸಿ ನೋಡುತ್ತಿದ್ದ.

“ಹೇಗಿದೆ ಬೊಮ್ಮ, ಹೊಸ ಕತ್ತಿ?” ಎಂದೆ.

“ಕತ್ತಿ ಚೆಂದಾಗದೆ ಗೌಡ್ರೆ,” ಎಂದ. “ಕೈಯೇ ಹೊಸದು.”